ನಿಮ್ಮ ನಂಬರು ಈಗ ಯಲಬುರ್ಗಾದಲ್ಲಿ

ಕುಷ್ಟಗಿ
ಗುರುವಾರ, 20 ನವೆಂಬರ್ 2025

ಪ್ರೀತಿಯ ನಿಮಗೆ,

ಲಕೋಟೆಯ ಮೇಲೆ ನಿಮ್ಮ ಹೆಸರು, ಮಾವನವರ ಹೆಸರು, ಅಲ್ಲಿ ನಿಮಗೆ ಕೊಟ್ಟಿರುವ ನಂಬರು ಎಲ್ಲವನ್ನೂ ಬರೆದಿದ್ದೇನೆ. ಅದಿಲ್ಲದಿದ್ದರೆ ಬಳ್ಳಾರಿ ಜೈಲಿನಲ್ಲಿ ಪತ್ರ ನಿಮ್ಮ ಕೈ ಸೇರುವುದಿಲ್ಲವಂತೆ. ಒಳಗೂ 'ಪ್ರೀತಿಯ ರುದ್ರೇಶ' ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಮದುವೆಯಾದಂದಿನಿಂದ 'ಇಲ್ಲಿ ಕೇಳ್ರಿ' ಎಂದೇ ಕರೆದ ನಾಲಿಗೆ, ಅದಕ್ಕೆ ತಕ್ಕ ಕೈ. ಇರಲಿ. ನಿಮ್ಮ ಸೊಂಟನೋವು ಹೇಗಿದೆ? ಥಂಡಿ ಶುರುವಾಯಿತು, ನೆಲದ ಮೇಲೆ ಮಲಗುವವರಿಗೆ ಈ ತಿಂಗಳೇ ಕಷ್ಟ. ಹೋದ ಸಲ ಕೊಟ್ಟುಬಂದ ಉಣ್ಣೆಯ ಟೋಪಿಯನ್ನು ನಿಮಗೆ ಕೊಟ್ಟರೋ ಇಲ್ಲವೋ ತಿಳಿಯಲಿಲ್ಲ. ಅಡುಗೆ ಮನೆಯ ಕೆಲಸಕ್ಕೆ ಹಾಕಿದ್ದಾರೆಂದು ಅತ್ತೆಯವರಿಗೆ ಹೇಳಿದಿರಂತೆ. ದೊಡ್ಡ ಪಾತ್ರೆಗಳನ್ನು ಒಬ್ಬರೇ ಎತ್ತಲು ಹೋಗಬೇಡಿ. ಕೆಮ್ಮು ಕಡಿಮೆಯಾಯಿತೇ? ನಾವು ಆರಾಮ ಇದ್ದೇವೆ. ಅತ್ತೆಯವರ ಮೊಣಕಾಲು ಮೊದಲಿನಂತೆಯೇ, ಕುಳಿತರೆ ಏಳಲಾಗದು, ಎದ್ದರೆ ಕೂರಲಾಗದು. ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ.

ಫೋನಿನಲ್ಲಿ ಹೇಳಬಹುದಾದದ್ದನ್ನು ಯಾಕೆ ಬರೆಯುತ್ತಿದ್ದಾಳೆ ಎಂದುಕೊಳ್ಳಬೇಡಿ. ಅಲ್ಲಿಂದ ನೀವು ಮಾಡುವ ಫೋನು ಅತ್ತೆಯವರ ಕೈಗೇ ಹೋಗುತ್ತದೆ, ಹೋಗಬೇಕಾದದ್ದೂ ಹಾಗೆಯೇ. ಅವರಿಗೆ ನಿಮ್ಮ ಮಾತು ಅರ್ಧ ಕೇಳುವುದಿಲ್ಲ, ಆದರೂ ಫೋನನ್ನು ಕಿವಿಯಿಂದ ತೆಗೆಯುವುದಿಲ್ಲ. ನನ್ನ ಪಾಳಿ ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಭೇಟಿಗೆ ಬಂದರೆ ಜಾಲರಿಯ ಆಚೆ ನೀವು, ಈಚೆ ನಾನು, ಎರಡೂ ಕಡೆ ಮಂದಿ ಕೂಗಿ ಮಾತನಾಡುವ ಗದ್ದಲ. ಹೋದ ಸಲ ಆ ಗದ್ದಲದಲ್ಲಿ ನೀವು 'ಅಂಗಡಿ ಬಂದ್ ಮಾಡಿಬಿಡು ಶಾಂಭವಿ, ಒಬ್ಬಾಕಿ ಯಾಕ ಒದ್ದಾಡ್ತಿ' ಎಂದಿರಿ. ನಾನು ತಲೆಯಾಡಿಸಿದೆ. ನೀವು ಅದನ್ನು ಹ್ಞೂಂ ಎಂದು ತಿಳಿದಿರಿ. ಅದು ಹ್ಞೂಂ ಆಗಿರಲಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ. ಇದನ್ನು ಮೊದಲು ಅಲ್ಲಿನ ಆಫೀಸಿನವರು ಒಡೆದು ಓದುತ್ತಾರೆ ಎಂಬುದು ಗೊತ್ತಿದೆ. ಓದುವವರಿಗೂ ನಮಸ್ಕಾರ. ಅಂಗಡಿಯ ಸುದ್ದಿ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ.

ಅಂಗಡಿಯನ್ನು ಮುಚ್ಚಿಲ್ಲ. ಸಜ್ಜೆ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಲ್ಲವನ್ನೂ ಮಾಡುತ್ತಿದ್ದೇವೆ. ಹಂಚು, ಕಲ್ಲು, ಬುಟ್ಟಿ ಎಲ್ಲ ನೀವಿದ್ದಾಗ ಇದ್ದಲ್ಲೇ ಇವೆ. ಇಲ್ಲದಿರುವುದು ಒಂದೇ. ಬೆಳಿಗ್ಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರೆ ನೀವು ಬಾಗಿಲಿಗೆ ಒರಗಿ ನಿಂತು ಆನ್‌ಲೈನಿನಲ್ಲಿ ಬಂದ ಆರ್ಡರುಗಳನ್ನು ಓದುತ್ತಿದ್ದಿರಿ. 'ಪುಣೆ, ಸಜ್ಜಿ ಎರಡು ಕಟ್ಟು. ಮೈಸೂರು, ಶೇಂಗಾ ಹಿಂಡಿ, ಖಾರ ಕಮ್ಮಿ ಇರಲಿ ಅಂದಾರ.' ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಊರ ಹೆಸರು ಕೂಗಿದ ಹಾಗೆ. ಈಗ ಅದನ್ನು ನಾನೇ ಮನಸ್ಸಿನಲ್ಲಿ ಓದಿಕೊಳ್ಳುತ್ತೇನೆ. ಒಂದೊಂದು ದಿನ ಮಧ್ಯಾಹ್ನದವರೆಗೆ ಈ ಮನೆಯಲ್ಲಿ ಬಾಯಿಯೇ ತೆರೆದಿರುವುದಿಲ್ಲ. ಅತ್ತೆಯವರಿಗೆ ಕೂಗಿ ಹೇಳಬೇಕು, ಕೂಗಿ ಹೇಳುವಂಥ ಮಾತು ನನ್ನ ಹತ್ತಿರ ಇರುವುದಿಲ್ಲ. ಓಣಿಯವರು ಮೊದಲಿನ ಹಾಗೆ ಸಕ್ಕರೆ, ಹೆಪ್ಪು ಎಂದು ಬರುವುದಿಲ್ಲ. ಕೆಟ್ಟದ್ದನ್ನೇನೂ ಆಡುವುದಿಲ್ಲ. ನನ್ನನ್ನು ಕಂಡರೆ ಅವರ ಮಾತು ಸಣ್ಣದಾಗುತ್ತದೆ, ಅಷ್ಟೆ. ದೀಪಾವಳಿಗೆ ಪಣತಿ ಹಚ್ಚಲೋ ಬೇಡವೋ ಎಂದು ಅತ್ತೆಯವರನ್ನು ಕೇಳಿದೆ. 'ಹಚ್ಚವ್ವಾ, ಕತ್ತಲ್ಯಾಗ ಕುಂತ್ರ ನಮಗ ನಾವ ಕಾಣೂದಿಲ್ಲ' ಎಂದರು. ಹಚ್ಚಿದೆ.

ಹಬ್ಬ ಕಳೆದ ಮೇಲೆ ಒಂದು ಭಾನುವಾರ ಸುರೇಖಾ ಅವರು ಫೋನ್ ಮಾಡಿದರು. ನಿಮಗೆ ನೆನಪಿರಬಹುದು, ಪುಣೆಯಲ್ಲಿ ಬ್ಯಾಂಕಿನಲ್ಲಿದ್ದಾರೆ, ತವರು ಗಂಗಾವತಿ, ಬಾಣಂತಿ ಮಗಳಿಗೆ ನಮ್ಮ ರೊಟ್ಟಿಯನ್ನೇ ಕಳಿಸಬೇಕೆಂದು ಹಟ ಹಿಡಿದವರು. ನನ್ನ ನಂಬರನ್ನು ಡಬ್ಬಿಯ ಮೇಲೆ ನೋಡಿ ಮಾಡಿದ್ದರು. 'ಶಾಂಭವಿಯವರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಅಂಗಡಿ ತೆರೀಲಿಕ್ಕ ಹೋದ್ರ ಸುರಕ್ಷಿತ ಅಲ್ಲ ಅಂತ ಕೆಂಪಗ ಬರಾಕತ್ತೈತಿ. ನಿಮ್ಮ ಮಾಹಿತಿ ಕದಿಯಬಹುದು ಅಂತೈತಿ. ಏನಾಗೇತ್ರಿ?' ಎಂದರು. ನೋಡಿ ಹೇಳುತ್ತೇನೆ ಎಂದು ಫೋನಿಟ್ಟೆ. ನನ್ನ ಫೋನಿನಲ್ಲಿ ಅಂಗಡಿಯನ್ನು ತೆರೆದೆ. ನಮ್ಮ ರೊಟ್ಟಿಯ ಚಿತ್ರ ಬರುವಲ್ಲಿ ಬೆಳ್ಳಗಿನ ಹಾಳೆ, ಮೇಲೊಂದು ಕೆಂಪು ಗುರುತು, ಕೆಳಗೆ ಹಿಂದಕ್ಕೆ ಹೋಗಿ ಎಂದು ಗುಂಡಿ.

ನೀವು ನಗುತ್ತೀರಿ, ನಗಿ. ನಾನು ಏನು ತಿಳಿದೆ ಗೊತ್ತೇ? ಕೇಸಿನ ಸುದ್ದಿ ಅಲ್ಲಿಯವರೆಗೂ ಹೋಯಿತು ಎಂದು ತಿಳಿದೆ. ಪೇಪರಿನಲ್ಲಿ ಬಂದಿತ್ತಲ್ಲ, ಅದನ್ನು ಯಾರೋ ನೋಡಿ, ಈ ಮನೆಯವರ ಅಂಗಡಿಗೆ ಕಾಲಿಡಬೇಡಿ ಎಂದು ಎಲ್ಲರ ಫೋನಿಗೂ ಹಾಕಿಬಿಟ್ಟಿದ್ದಾರೆ ಎಂದು. ಓದು ಬರದವಳಲ್ಲ ನಾನು, ಬಿ.ಎ. ಮಾಡಿದ್ದೇನೆ, ಆದರೆ ಆ ಹೊತ್ತಿಗೆ ಬೇರೆ ಏನೂ ತೋಚಲಿಲ್ಲ. ಓಣಿಯಲ್ಲಿ ಮಂದಿ ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಅಲ್ಲಿ ಕೆಂಪಕ್ಷರದಲ್ಲಿ ಬರೆದ ಹಾಗಿತ್ತು. ಒಲೆ ಆರಿಸಿ ಕುಳಿತೆ. ನಾದಿಟ್ಟ ಹಿಟ್ಟು ಒಣಗಿಹೋಯಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಆರ್ಡರು ಒಂದೂ ಬರಲಿಲ್ಲ.

ಮೂರನೆಯ ದಿನ ಗಂಗಾವತಿಯಿಂದ ನಿಮ್ಮ ಅಣ್ಣ ಪ್ರಭುರಾಜ ಭಾವನವರು ಅಕ್ಕಿ ಕೊಡಲು ಬಂದಿದ್ದರು. ಅವರಿಗೆ ತೋರಿಸಿದೆ. ಅವರು ನೋಡಿ, 'ಇದಕ್ಕ ನಾ ಮೊದಲ ಹೇಳಿದ್ನಿ. ಆ ಹೆಸರು ಕೆಟ್ಟೈತಿ. ಮುಚ್ಚು, ಇಲ್ಲಾ ಬ್ಯಾರೆ ಹೆಸರಿಡು' ಎಂದರು. ಅವರ ಮೇಲೆ ಸಿಟ್ಟಿಲ್ಲ. ನಿಮ್ಮನ್ನು ನೋಡಲು ಬಳ್ಳಾರಿಗೆ ಬರುವವರು ನನ್ನನ್ನು ಬಿಟ್ಟರೆ ಅವರೊಬ್ಬರೇ. ಆದರೆ ಅಂಗಡಿಯ ಹೆಸರು ಅತ್ತೆಯವರ ಹೆಸರಲ್ಲವೇ. 'ವಿರೂಪಾಕ್ಷಮ್ಮ ರೊಟ್ಟಿ ಮನೆ' ಎಂದು ನೀವೇ ಇಟ್ಟಿರಿ. ಅವರು ಅಲ್ಲೇ ಕಟ್ಟೆಯ ಮೇಲೆ ಗುರೆಳ್ಳು ಹಸನು ಮಾಡುತ್ತಿದ್ದರು. ಭಾವನವರ ಮಾತು ಅವರಿಗೆ ಕೇಳಿಸಲಿಲ್ಲ. ಕೇಳಿಸದೆ ಇದ್ದದ್ದಕ್ಕೆ ನನಗೆ ಸಮಾಧಾನವಾಯಿತು. ಮರುದಿನ ಎದ್ದವಳೇ ಆಸೀಫನ ಕಂಪ್ಯೂಟರ್ ಅಂಗಡಿಗೆ ಹೋದೆ.

ಆಸೀಫ ಈಗ ಆ ಸಣ್ಣ ಡಬ್ಬಿ ಅಂಗಡಿ ಬಿಟ್ಟು ತಹಶೀಲ್ ಕಚೇರಿಯ ಎದುರಿಗೆ ಬಂದಿದ್ದಾನೆ. ಪಹಣಿ, ಆಧಾರು, ಪರೀಕ್ಷೆಯ ಅರ್ಜಿ, ಮಂದಿಯೇ ಮಂದಿ. ನೀವು ಅವನ ಜೊತೆ ಕೂತು ನಮ್ಮ ವೆಬ್‌ಸೈಟು ಮಾಡಿಸಿದ ದಿನಗಳನ್ನು ಅವನು ಮರೆತಿಲ್ಲ. ಗದ್ದಲದ ನಡುವೆಯೂ ಎದ್ದು ಕುರ್ಚಿ ಕೊಟ್ಟ. ನಾನು ಫೋನನ್ನು ಮುಂದೆ ಹಿಡಿದೆ. ಅವನು ನೋಡಿ, 'ಇಷ್ಟನಾ ವೈನಿ? ಸರ್ಟಿಫಿಕೇಟ್ ಮುಗದೈತ್ರಿ. ಅಣ್ಣಾ ಇದ್ದಾಗ ವರ್ಷಕ್ಕೊಮ್ಮೆ ಹಾಕ್ತಿದ್ದ. ಈ ವರ್ಷ ಹಾಕೂವರು ಇರಲಿಲ್ಲ' ಎಂದ. ನಮ್ಮ ಕೇಸಿಗೂ ಇದಕ್ಕೂ ಸಂಬಂಧ ಇಲ್ಲವೇ ಎಂದು ಮೆಲ್ಲಗೆ ಕೇಳಿದೆ. ಅವನು ನನ್ನ ಮುಖ ನೋಡಿದ. ನಗಲಿಲ್ಲ, ಪುಣ್ಯ. 'ಇಲ್ರಿ ವೈನಿ. ಅದಕ್ಕ ನಿಮ್ಮ ಮನಿ ಸುದ್ದಿ ಗೊತ್ತಿಲ್ಲ' ಎಂದ. ಅಲ್ಲಿ ಪಹಣಿಗೆ ನಿಂತ ಮಂದಿಯ ನಡುವೆ ನನಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಸೆಕೆ ಎಂದೆ. ಕಾರ್ತಿಕದ ಥಂಡಿಯಲ್ಲಿ ಸೆಕೆ.

ಆ ಸರ್ಟಿಫಿಕೇಟು ಎಂದರೆ ಏನು ಎಂದು ಅಂದು ಮೊದಲ ಸಲ ಕೇಳಿ ತಿಳಿದುಕೊಂಡೆ. ನೀವಿದ್ದಾಗ ಕೇಳುವ ಕೆಲಸವೇ ಬಿದ್ದಿರಲಿಲ್ಲ. ಗಿರಾಕಿಗೂ ಅಂಗಡಿಗೂ ನಡುವೆ ಹೋಗುವ ಮಾತನ್ನು, ಅವರ ವಿಳಾಸವನ್ನು, ಕಾರ್ಡಿನ ನಂಬರನ್ನು ದಾರಿಯಲ್ಲಿ ಯಾರೂ ಓದಬಾರದು. ಜೊತೆಗೆ, ಈ ಹೆಸರಿನ ಅಂಗಡಿ ನಿಜಕ್ಕೂ ಈ ಹೆಸರಿನದೇ ಎಂದು ಒಬ್ಬರು ಖಾತ್ರಿ ಕೊಡಬೇಕು. ಇಷ್ಟೇ ಅದರ ಕೆಲಸವಂತೆ. 'ಮಾಲು ಛಲೋ ಐತಿ, ಮಂದಿ ಛಲೋ ಅದಾರ ಅಂತ ಅದೇನೂ ಹೇಳೂದಿಲ್ರಿ' ಎಂದು ಆಸೀಫ ನಕ್ಕ. ನನಗೆ ಅದು ಹೇಳದಿರುವುದೇ ಒಳ್ಳೆಯದೆನಿಸಿತು. ಈಗ ಪುಕ್ಕಟೆಯಾಗಿಯೇ ಸಿಗುತ್ತದಂತೆ, ಮುಗಿಯುವ ಮೊದಲೇ ತಾನಾಗಿ ಹೊಸದಾಗುವ ಹಾಗೆ ಹಾಕಿಡುತ್ತಾನಂತೆ. ಆದರೆ ವೆಬ್‌ಸೈಟಿನ ಹೆಸರು ನಮ್ಮದೆಂದು ತೋರಿಸಬೇಕು. ಖಾತ್ರಿ ಕೊಡುವವರು ಒಂದು ಉದ್ದನೆಯ ಅಕ್ಷರಗಳ ಸಾಲನ್ನು ಕಳಿಸುತ್ತಾರೆ. ಅದನ್ನು ನಮ್ಮ ಹೆಸರಿನ ಖಾತೆಯೊಳಗೆ ಹೋಗಿ ಹಚ್ಚಬೇಕು. ಹಚ್ಚಲು ಬಂದರೆ ಅಂಗಡಿ ನಮ್ಮದು. ಪಾಸ್‌ವರ್ಡು ಮನೆಯ ಕಂಪ್ಯೂಟರಿನಲ್ಲೇ ಇತ್ತು, ಹೋಗಿ ಬರೆದುಕೊಂಡು ಬಂದೆ. ಅದನ್ನು ಹೊಡೆದ ಮೇಲೆ ಪರದೆಯ ಮೇಲೆ ಬಂತು: ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ. ಕೆಳಗೆ ನಿಮ್ಮ ನಂಬರಿನ ಕಡೆಯ ಎರಡು ಅಂಕಿ.

ಆಸೀಫ ಕೈ ತೆಗೆದ. 'ಅಣ್ಣಾನ ಫೋನ್ ಎಲ್ಲೈತ್ರಿ?' ಎಂದ. ನಿಮ್ಮ ಫೋನು ಠಾಣೆಯಲ್ಲಿ ಉಳಿದದ್ದು, ಆಮೇಲೆ ಯಾರೂ ಅದಕ್ಕೆ ರೀಚಾರ್ಜ್ ಹಾಕದೆ ಇದ್ದದ್ದನ್ನು ಹೇಳಿದೆ. 'ಹಂಗಾರ ಆ ನಂಬರ್ ಕಂಪನ್ಯಾರು ಬ್ಯಾರೆಯವರಿಗೆ ಕೊಟ್ಟಿರ್ತಾರ. ಓಟಿಪಿ ಈಗ ಅವರಿಗೆ ಹೋಗೇತಿ. ಬಿಡ್ರಿ, ಹೊಸಾ ಹೆಸರು ಮಾಡೂಣು' ಎಂದ. ಬೇರೆಯವರಿಗೆ ಕೊಟ್ಟದ್ದು ನನಗೆ ಗೊತ್ತಿತ್ತು. ಅದನ್ನು ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನೀವು ಹೋದಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ನಿಮ್ಮ ನಂಬರಿಗೆ ಫೋನ್ ಮಾಡುತ್ತಿದ್ದೆ. ಎತ್ತುವವರಿಲ್ಲ ಎಂದು ಗೊತ್ತಿದ್ದೇ ಮಾಡುತ್ತಿದ್ದೆ. ಸ್ವಿಚ್ ಆಫ್ ಆಗಿದೆ ಎಂದು ಒಬ್ಬ ಹೆಣ್ಣುಮಗಳು ಹೇಳುತ್ತಿದ್ದಳು. ಅವಳಷ್ಟು ಹೇಳಿದ ಮೇಲೆ ಅನ್ನಕ್ಕಿಡಲು ಏಳುತ್ತಿದ್ದೆ. ಸ್ವಲ್ಪ ತಿಂಗಳಾದ ಮೇಲೆ ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎನ್ನತೊಡಗಿದಳು. ಆಗಲೂ ಬಿಡಲಿಲ್ಲ. ಶ್ರಾವಣದಲ್ಲಿ ಒಂದು ಸಂಜೆ ರಿಂಗಾಯಿತು. ಯಾರೋ ಗಂಡಸು 'ಹಲೋ' ಎಂದ, ವಯಸ್ಸಾದವರ ದನಿ. ಇಟ್ಟುಬಿಟ್ಟೆ. ಮರುದಿನ ಮತ್ತೆ ಮಾಡಿದೆ, ಮತ್ತೆ ಇಟ್ಟೆ. ಬೇರೆಯವರ ಫೋನಿಗೆ ಹಾಗೆ ಮಾಡಬಾರದು ಎಂದು ಗೊತ್ತು. ಆದರೆ ನನ್ನ ಫೋನಿನಲ್ಲಿ ಆ ನಂಬರು ಹಚ್ಚಿದರೆ ನಿಮ್ಮ ಫೋಟೋ ಬರುತ್ತದೆ, ಆನೆಗೊಂದಿಯಲ್ಲಿ ಹೊಳೆಯ ದಡದಲ್ಲಿ ತೆಗೆದದ್ದು, ಕಣ್ಣಿಗೆ ಬಿಸಿಲು ಹೊಡೆದು ಅರ್ಧ ಮುಚ್ಚಿದ್ದೀರಲ್ಲ, ಅದು. ಆ ಕಡೆ ಯಾರಾದರೂ ಮಾತನಾಡುತ್ತಾರೆ, ಈ ಕಡೆ ನಿಮ್ಮ ಮುಖ ಇರುತ್ತದೆ. ಅಷ್ಟಕ್ಕೇ ಮಾಡುತ್ತಿದ್ದೆ.

ಆಸೀಫನ ಅಂಗಡಿಯಿಂದ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಅದೇ ನಂಬರಿಗೆ ಫೋನ್ ಮಾಡಿದೆ. ಈ ಸಲ ಇಡಲಿಲ್ಲ. ಇದು ಮೊದಲು ನಮ್ಮ ಮನೆಯವರ ನಂಬರು ಇತ್ರಿ, ಈಗ ಒಂದು ಓಟಿಪಿ ಬಂದಿರಬೇಕು, ದಯಮಾಡಿ ಓದಿ ಹೇಳಿ ಎಂದು ಕೇಳಿಕೊಂಡೆ. ಅವರು, 'ಅದನ್ನ ಹಡೆದ ಮಗಾ ಕೇಳಿದ್ರೂ ಹೇಳಬ್ಯಾಡ ಅಂತ ಬ್ಯಾಂಕಿನ್ಯಾರು ಹೇಳ್ಯಾರವ್ವಾ. ನಮ್ಮ ಓಣ್ಯಾಗ ಒಬ್ಬಾಕಿ ಹೇಳಿ ಕೈ ಸುಟ್ಕೊಂಡಾಳ' ಎಂದರು. ನಾನು ಅಂಥವಳಲ್ಲ ಎಂದೆ. 'ಅಂಥಾವರೂ ಹಂಗ ಅಂತಾರ' ಎಂದರು. ತಪ್ಪೇನು ಹೇಳಿದರು? ಇನ್ನೇನು ಇಡಬೇಕು, ಅಷ್ಟರಲ್ಲಿ ಅವರೇ, 'ನಾ ಯಲಬುರ್ಗಾದಾಗ ಗಾದಿ ಅಂಗಡಿ ಇಟ್ಕೊಂಡೇನಿ, ಬಸ್ ಸ್ಟ್ಯಾಂಡ್ ಹಿಂದ. ಉಮರಸಾಬ ಅಂದ್ರ ಯಾರ ಬೇಕಾದ್ರೂ ತೋರಸ್ತಾರ. ಎದುರಿಗೆ ಬಂದು ಕೇಳ್ರಿ, ಆಮ್ಯಾಲ ನೋಡೂಣು' ಎಂದರು.

ಮರುದಿನ ಅತ್ತೆಯವರಿಗೆ ಮಧ್ಯಾಹ್ನದ ಊಟ ತೆಗೆದಿಟ್ಟು ಯಲಬುರ್ಗಾ ಬಸ್ಸು ಹತ್ತಿದೆ. ಆಸೀಫ ತನ್ನ ಕಂಪ್ಯೂಟರಿನ ಮುಂದೆ ಕೂತಿರುತ್ತೇನೆ, ಫೋನ್ ಮಾಡಿದ ತಕ್ಷಣ ಗುಂಡಿ ಒತ್ತುತ್ತೇನೆ ಎಂದಿದ್ದ. ದಾರಿಯ ಎರಡೂ ಕಡೆ ತೊಗರಿ ಹೂ ಬಿಟ್ಟಿದೆ, ಹಿಂಗಾರಿ ಜೋಳ ಮೊಣಕಾಲುದ್ದ ಬಂದಿದೆ. ನೀವು ಗಾಡಿ ಹೊಡೆಯುತ್ತ ಇಂಥ ಹೊಲ ಕಂಡರೆ ನಿಲ್ಲಿಸಿ ಯಾರದೆಂದು ಕೇಳುತ್ತಿದ್ದಿರಿ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಣ್ಣುಮಗಳು 'ಯಾರ ಮನಿಗೆ ಹೊಂಟೀರಿ?' ಎಂದಳು. ಗಾದಿ ಮಾಡಿಸಲು ಎಂದೆ.

ಉಮರಸಾಬರ ಅಂಗಡಿ ಎಂದರೆ ಒಂದು ತಗಡಿನ ಪತ್ರಾಸಿನ ಶೆಡ್ಡು, ಒಳಗೆ ಅರಳೆಯ ರಾಶಿ, ಅವರ ಗಡ್ಡವೂ ಅರಳೆಯೂ ಒಂದೇ ಬಣ್ಣ. ಹೆಂಡತಿ ಅಮೀನಾಬೀ ಗಾದಿಯ ಅಂಚು ಹೊಲಿಯುತ್ತ ಕುಳಿತಿದ್ದರು. ನಾನು ಇಂಥವಳು, ನಿನ್ನೆ ಫೋನ್ ಮಾಡಿದವಳು ಎಂದೆ. ಉಮರಸಾಬರು ಕೂರಿಸಿ ನೀರು ಕೊಟ್ಟರು. ಆಮೇಲೆ, 'ಒಂದು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ. ದಿನಾ ಹೊತ್ತು ಮುಳುಗೂದಕ ಫೋನ್ ಮಾಡಿ ಮಾತಾಡದ ಇಡಾಕಿ ನೀನ ಏನು?' ಎಂದರು. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಹೌದ್ರಿ ಎಂದೆ. ಅಮೀನಾಬೀ ಸೂಜಿ ನಿಲ್ಲಿಸಿ, 'ನಾ ಹೇಳಲಿಲ್ಲೇನು, ಹೆಣ್ಮಗಳ ಇರಬೇಕು ಅಂತ' ಎಂದು ಗಂಡನಿಗೆ ಹೇಳಿದರು. ಉಮರಸಾಬರು ಎದ್ದು ತಮ್ಮ ಫೋನನ್ನು ಕೈಗೆ ತೆಗೆದುಕೊಂಡರು. 'ಖರೇ ಅದ ನಂಬರಿನಾಕಿ ಹೌದೋ ಅಲ್ಲೋ ನೋಡತೇನಿ' ಎಂದು ಸಂಜೆ ಫೋನ್ ಮಾಡುವವಳ ನಂಬರನ್ನು ಒತ್ತಿದರು. ನನ್ನ ಕೈಯಲ್ಲಿದ್ದ ಫೋನು ರಿಂಗಾಯಿತು. ಪರದೆಯ ಮೇಲೆ ನೀವು ಬಂದಿರಿ.

ಎಷ್ಟು ದಿನದ ಮೇಲೆ ನಿಮ್ಮ ಫೋನು ನನಗೆ ಬಂದಿತ್ತು. ಎತ್ತುವುದನ್ನೂ ಮರೆತು ನೋಡುತ್ತ ಕುಳಿತೆ. ಉಮರಸಾಬರು ಬಗ್ಗಿ ನೋಡಿದರು. 'ಇವನ ಏನವ್ವಾ ನಿನ್ನ ಗಂಡ? ಈಗ ಎಲ್ಲಿ ಅದಾನ?' ಎಂದರು. ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾರೆ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಎಲ್ಲರಿಗೂ ಅದನ್ನೇ ಹೇಳುವುದು. ಅಲ್ಲಿ ಬರಲಿಲ್ಲ. 'ಬಳ್ಳಾರಿ ಜೈಲಿನ್ಯಾಗ ಅದಾರ್ರಿ' ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಉಳಿದದ್ದನ್ನೂ ಹೇಳಿದೆ. ತಾವರಗೇರಾ ರಸ್ತೆಯಲ್ಲಿ ರೊಟ್ಟಿ ಕೊಟ್ಟು ಬರುವಾಗ ಗಾಡಿ ಒಬ್ಬ ಸೈಕಲ್ಲಿನವರಿಗೆ ಬಡಿಯಿತು, ಅವರು ತೀರಿಹೋದರು, ನಮ್ಮವರು ಗಾಡಿ ನಿಲ್ಲಿಸದೆ ಮನೆಗೆ ಬಂದರು, ಮರುದಿನ ಪೊಲೀಸರು ಬಂದು ಕರೆದುಕೊಂಡು ಹೋದರು, ಕೊಪ್ಪಳದ ಕೋರ್ಟಿನಲ್ಲಿ ಶಿಕ್ಷೆಯಾಯಿತು, ಅಪೀಲು ಹಾಕಿದ್ದೇವೆ. ಇಷ್ಟೇ. ಹೇಳಲು ಎಷ್ಟು ಸಣ್ಣದು. ಉಮರಸಾಬರು ಅರಳೆಯನ್ನು ಬೆರಳಿನಲ್ಲಿ ಬಿಡಿಸುತ್ತ, 'ಆ ಸೈಕಲ್ಲಿನವನ ಮನ್ಯಾಗ ಯಾರದಾರ? ಹೋಗಿದ್ದೇನವ್ವಾ ಅವರ ಮನಿಗೆ?' ಎಂದರು. ಹೆಂಡತಿ ಇದ್ದಾಳೆ, ಅಪೀಲು ಮುಗಿಯುವವರೆಗೆ ಆ ಕಡೆ ಹೋಗಬಾರದು ಎಂದು ವಕೀಲರು ಹೇಳಿದ್ದಾರೆ ಎಂದೆ. 'ವಕೀಲರಿಗೆ ಅವರ ಕೆಲಸ ಇರತೈತಿ' ಎಂದರು.

ಆಮೇಲೆ ಕೆಲಸದ ಮಾತು. ಆಸೀಫನಿಗೆ ಫೋನ್ ಮಾಡಿದೆ. ಮೊದಲ ಓಟಿಪಿ ಬಂದದ್ದು ಉಮರಸಾಬರಿಗೆ ತಿಳಿಯಲೇ ಇಲ್ಲ, ಕನ್ನಡಕ ಹುಡುಕುವಷ್ಟರಲ್ಲಿ ಅದರ ಅವಧಿ ಮುಗಿಯಿತು. ಎರಡನೆಯದಕ್ಕೆ ಫೋನನ್ನೇ ನನ್ನ ಕೈಗೆ ಕೊಟ್ಟು, 'ನೀನ ಓದ್ಕೋ, ಇಂಗ್ಲೀಷ್ ನಂಗ ಬರೂದಿಲ್ಲ' ಎಂದರು. ಓದಿ ಹೇಳಿದೆ. ಆ ಕಡೆಯಿಂದ ಆಸೀಫ 'ಒಳಗ ಹೋದ್ನಿ ವೈನಿ' ಎಂದ. ಖಾತೆಯಲ್ಲಿದ್ದ ನಿಮ್ಮ ನಂಬರನ್ನು ತೆಗೆದು ನನ್ನದನ್ನು ಹಾಕಲೇ ಎಂದು ಕೇಳಿದ. ಹಾಕು ಎಂದೆ. ಏಳುವಾಗ ಉಮರಸಾಬರು, 'ರೊಟ್ಟಿ ಅದಾವೇನು ಅಂತ ನಿಮ್ಮ ಗಿರಾಕಿ ನನಗ ಫೋನ್ ಮಾಡ್ತಾರ. ನಾ ಗಾದಿ ಮಾಡಾಂವ್ರಿ ಅಂತೇನಿ. ಇನ್ನ ನಿನ್ನ ನಂಬರ್ ಕೊಡ್ತೇನಿ, ಬರದುಕೊಡು' ಎಂದರು. ಅಮೀನಾಬೀ ಬಾಗಿಲತನಕ ಬಂದರು. ಸಂಜೆ ಮನಸ್ಸು ನಿಲ್ಲದಿದ್ದರೆ ಫೋನ್ ಮಾಡು, ಮಾತಾಡಿದರೂ ಸರಿ, ಆಡದಿದ್ದರೂ ಸರಿ ಎಂದರು. ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಲ್ಲಿಂದ ಬಂದ ಮೇಲೆ ಮಾಡಿಲ್ಲ. ನಿಮ್ಮ ಫೋಟೋ ಇದ್ದ ಆ ಹೆಸರನ್ನು ತೆಗೆದು 'ಉಮರಸಾಬ, ಗಾದಿ' ಎಂದು ಬರೆದಿಟ್ಟುಕೊಂಡಿದ್ದೇನೆ. ಫೋಟೋ ಬೇರೆ ಕಡೆ ಇದೆ, ಹೆದರಬೇಡಿ.

ಕುಷ್ಟಗಿಗೆ ಬಂದಿಳಿದಾಗ ಬಿಸಿಲು ಇನ್ನೂ ಇತ್ತು. ಸಂತೆ ಮೈದಾನದ ಹತ್ತಿರ ನಿಂತು ಅಂಗಡಿಯನ್ನು ತೆರೆದೆ. ಕೆಂಪು ಬರಹ ಇರಲಿಲ್ಲ. ನಮ್ಮ ರೊಟ್ಟಿಗಳು, ಅತ್ತೆಯವರು ನಗುವ ಫೋಟೋ, ನೀವು ಬರೆದ ನಾಲ್ಕು ಸಾಲು, ಎಲ್ಲ ಇದ್ದ ಹಾಗೆಯೇ. ವಿಳಾಸದ ಪಕ್ಕದ ಗುರುತನ್ನು ಒತ್ತಿದರೆ ಒಂದು ಸಣ್ಣ ಬೀಗದ ಚಿತ್ರ, ಸಂಪರ್ಕ ಸುರಕ್ಷಿತವಾಗಿದೆ ಎಂಬ ಮಾತು. ಯಾರಿಗಾದರೂ ತೋರಿಸಬೇಕು ಎನಿಸಿತು. ಸುತ್ತ ನೋಡಿದೆ. ದಾಳಿಂಬೆ ಡಬ್ಬಿ ಏರಿಸುವವರು, ಬಸ್ಸಿಗೆ ಓಡುವವರು. ಒಬ್ಬಳೇ ನಿಂತು ಅದನ್ನು ಮೂರು ನಾಲ್ಕು ಸಲ ಮುಚ್ಚಿ ತೆರೆದೆ. ಮನೆಗೆ ಬಂದು ಅತ್ತೆಯವರ ಕಿವಿಯ ಹತ್ತಿರ ಕೂಗಿ, ಅಂಗಡಿಗೆ ಕೀಲಿ ಬಂತು ನೋಡ್ರಿ ಎಂದೆ. ಅವರು ಗಾಬರಿಯಾಗಿ, 'ಯಾರು ಹಾಕಿದ್ರು? ಕೀಲಿ ಹಾಕಿದ್ರ ಗಿರಾಕಿ ಹೆಂಗ ಒಳಗ ಬರ್ತಾರ?' ಎಂದರು. ಅವರಿಗೆ ತಿಳಿಯುವ ಹಾಗೆ ಹೇಳುವಷ್ಟರಲ್ಲಿ ಗಂಟಲು ಕಟ್ಟಿತು, ಇಬ್ಬರೂ ನಕ್ಕೆವು. ಈ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಭಾಳ ದಿನ ಆಗಿತ್ತು. ನೀವು ಇರಬೇಕಿತ್ತು ಎಂದು ಬರೆಯಬಾರದು ಎಂದುಕೊಂಡಿದ್ದೆ, ಬರೆದೆ.

ಸುರೇಖಾ ಅವರು ಅಂದೇ ಎರಡು ಕಟ್ಟು ಸಜ್ಜೆ ರೊಟ್ಟಿಗೆ ಹೇಳಿದರು. ಆಮೇಲೆ ಹುಬ್ಬಳ್ಳಿಯಿಂದ ಒಬ್ಬರು, ಮೈಸೂರಿನವರು. ಮೊದಲಿನಷ್ಟು ಇಲ್ಲ, ಆದರೆ ಒಲೆ ಆರುವುದಿಲ್ಲ. ಆದ್ದರಿಂದ ಅಂಗಡಿ ಮುಚ್ಚು ಎಂದು ಮುಂದಿನ ಸಲ ಹೇಳಬೇಡಿ. ಹೇಳಿದರೆ ನಾನು ತಲೆಯಾಡಿಸುವುದಿಲ್ಲ, ಬಾಯಿಬಿಟ್ಟೇ ಇಲ್ಲ ಎನ್ನುತ್ತೇನೆ. ಟೋಪಿ ಸಿಕ್ಕಿತೋ ಇಲ್ಲವೋ ತಿಳಿಸಿ. ರಾತ್ರಿ ಕಿವಿ ಮುಚ್ಚಿಕೊಂಡು ಮಲಗಿ. ಅತ್ತೆಯವರು ಪಕ್ಕದಲ್ಲಿ ಕೂತು, 'ನನ್ನ ಆಶೀರ್ವಾದ ಬರಿ, ಗವಿಮಠದ ಭಸ್ಮ ಕಳಿಸಾಕ ಬರ್ತೈತೇನು ಕೇಳು' ಎನ್ನುತ್ತಿದ್ದಾರೆ. ಬರುವುದಿಲ್ಲ ಎಂದು ಹೇಳಿದರೂ ಕೇಳಿಸುತ್ತಿಲ್ಲ. ಅವರ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ. ನನ್ನ ನಮಸ್ಕಾರಗಳು.

ಇಂತು ನಿಮ್ಮವಳು,
ಶಾಂಭವಿ

ತಾ.ಕ.: ಶನಿವಾರ. ಪತ್ರವನ್ನು ಡಬ್ಬಿಗೆ ಹಾಕಿರಲಿಲ್ಲ. ಇಂದು ಬೆಳಿಗ್ಗೆ ತಾವರಗೇರಾಕ್ಕೆ ಹೋಗಿ ಬಂದೆ, ಅವರ ಮನೆಗೆ. ವಕೀಲರಿಗೂ ಭಾವನವರಿಗೂ ಹೇಳಿಲ್ಲ. ಆ ಸೈಕಲ್ಲಿನವರ ಹೆಂಡತಿಯ ಹೆಸರು ಯಂಕವ್ವ. ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅಲ್ಲೇ ಕುಳಿತು ನಾನೂ ಸುಲಿಯತೊಡಗಿದೆ. ಬುಟ್ಟಿ ಮುಗಿದ ಮೇಲೆ ಅವರು ಒಂದೇ ಕೇಳಿದರು: 'ನಿನ್ನ ಗಂಡ ಹೊಳ್ಳಿ ನೋಡಿದ್ನೇನು? ಅವಾಗ ನಮ್ಮಾಂವಗ ಜೀವ ಇತ್ತೇನು? ಏನರ ಅಂದ್ನೇನು?' ನನಗೆ ಗೊತ್ತಿಲ್ಲ ಎಂದೆ. ನಾನು ನಿಮ್ಮನ್ನು ಎಂದೂ ಕೇಳಿಲ್ಲ ಎಂದೂ ಹೇಳಿದೆ. 'ಕೋರ್ಟಿನ್ಯಾಗ ಎಲ್ಲಾ ಕೇಳಿದ್ರು, ಇದೊಂದು ಯಾರೂ ಕೇಳಲಿಲ್ಲ. ಬರದು ಕಳಸು ಅನ್ನು. ನಂಗ ಓದಾಕ ಬರೂದಿಲ್ಲ, ನೀನ ಬಂದು ಓದಿ ಹೇಳು' ಎಂದರು. ಬರುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಅಪೀಲಿಗೆ ಇದರಿಂದ ಏನಾಗುತ್ತದೋ ತಿಳಿಯದು. ಆದರೂ ಬರೆಯಿರಿ. ಅಂದು ಆದದ್ದು ಆದ ಹಾಗೆ ಬರೆಯಿರಿ, ನನ್ನ ಮುಖ ನೋಡಿ ಒಂದಕ್ಷರ ಕಡಿಮೆ ಮಾಡಬೇಡಿ. ಏನೇ ಇದ್ದರೂ ಅವರ ಅಂಗಳದಲ್ಲಿ ಕೂತು ನಾನು ಗಟ್ಟಿಯಾಗಿ ಓದುತ್ತೇನೆ.